ಪ್ರಕಾಶಕರು ಬಾಗಿಲು ಹಾಕಿದರು, ನಾನು ಪೆನ್ನು ಕೆಳಗಿಡಲಾ?

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ ಈಗ 53 ವರ್ಷ. ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. 2004ರಿಂದ ಇಲ್ಲಿವರೆಗೆ ಒಂಬತ್ತು ಕಾದಂಬರಿ ಬರೆದಿದ್ದೇನೆ. ಒಂಬತ್ತನ್ನೂ ತಂದವರು ಒಬ್ಬರೇ ಪ್ರಕಾಶಕರು. ಯುಗಾದಿ ಕಳೆದ ಮೇಲೆ ಫೋನ್ ಮಾಡಿ "ಏನಮ್ಮಾ, ರಾಜ್ಯೋತ್ಸವಕ್ಕೆ ಏನು ಕೊಡ್ತೀಯಾ? ಇನ್ನೂರು ಪುಟ ಇರಲಿ" ಅನ್ನುತ್ತಿದ್ದರು. ಈ ವರ್ಷ ಫೋನ್ ಬರಲಿಲ್ಲ. ಅವರ ಮಗ ವಾಟ್ಸಾಪ್ ಮಾಡಿದರು. ಅಪ್ಪನ ಕೈಲಿ ಆಗುತ್ತಿಲ್ಲ, ಪ್ರಕಾಶನ ನಿಲ್ಲಿಸುತ್ತಿದ್ದೇವೆ, ಗೋಡೌನ್ ಖಾಲಿ ಮಾಡಬೇಕು, ನಿಮ್ಮವು ಸುಮಾರು 600 ಪ್ರತಿ ಇವೆ, ಬೇಕಿದ್ದರೆ ಒಂದು ತಿಂಗಳೊಳಗೆ ತೆಗೆದುಕೊಂಡು ಹೋಗಿ ಅಂತ.

ಬೇರೆ ಇಬ್ಬರನ್ನು ಕೇಳಿದೆ. ಒಬ್ಬರು ಉತ್ತರವೇ ಕೊಡಲಿಲ್ಲ. ಇನ್ನೊಬ್ಬರು 65,000 ರೂಪಾಯಿ ಕೊಡಿ, ಜೊತೆಗೆ 200 ಪ್ರತಿ ನೀವೇ ಕೊಂಡುಕೊಳ್ಳಿ ಅಂದರು. ಮನೆಯವರು "ಒಂಬತ್ತು ಬರೆದೆಯಲ್ಲ, ಸಾಕು ಬಿಡು" ಅನ್ನುತ್ತಾರೆ. ಮಗ ಆಪ್‌ನಲ್ಲಿ ಹಾಕು ಅನ್ನುತ್ತಾನೆ. ಗೆಳತಿಯೊಬ್ಬಳು ಧಾರಾವಾಹಿಗೆ ಸಂಭಾಷಣೆ ಬರೆಯಲು ಕರೆಯುತ್ತಿದ್ದಾಳೆ. ಹತ್ತನೇ ಕಾದಂಬರಿ 80 ಪುಟಕ್ಕೆ ನಿಂತಿದೆ. ಇನ್ನೂರು ಆಗುವ ಹಾಗೆ ಕಾಣುತ್ತಿಲ್ಲ. ಮೂರು ತಿಂಗಳಿಂದ ಫೈಲ್ ತೆಗೆದಿಲ್ಲ. ನಾನು ಇನ್ನೂ ಕಾದಂಬರಿಗಾರ್ತಿಯಾ? ಅಥವಾ ಅವರು ಕೇಳುತ್ತಿದ್ದರು ಅಂತ ಬರೆಯುತ್ತಿದ್ದೆನಾ?

ಹೆಸರು ಬೇಡ, ಹನುಮಂತನಗರ, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿವೆ. ಕೊನೆಯದೇ ನಿಜವಾದದ್ದು. ಅದಕ್ಕೆ ಬರುತ್ತೇನೆ. ಆದರೆ ಗೋಡೌನಿಗೆ ಒಂದು ತಿಂಗಳ ಗಡುವಿದೆಯಲ್ಲ, ಅದಕ್ಕೇ ಮೊದಲು ಪುಸ್ತಕದ ಮಾತು.

ತಂದುಬಿಡಿ. ಈ ಶನಿವಾರವೇ ಹೋಗಿ. ಇನ್ನೂರು ಪುಟದ ಡೆಮಿ ಸೈಜಿನ ಪುಸ್ತಕ ಹೆಚ್ಚುಕಡಿಮೆ ಕಾಲು ಕೆಜಿ ತೂಗುತ್ತದೆ. 600 ಪ್ರತಿ ಅಂದರೆ ನೂರೈವತ್ತು ಕೆಜಿ. ಒಂದು ಗೂಡ್ಸ್ ಆಟೋ ಸಾಕು.

ಇಷ್ಟು ಅವಸರ ಯಾಕೆ ಅಂದರೆ, ನನಗೂ ಹೀಗೇ ಆಗಿತ್ತು. ನನಗೆ ಆಗ 49. ನನ್ನ ಪ್ರಕಾಶಕರು ತೀರಿಕೊಂಡರು. ಸಾವಿನ ಮನೆಗೆ ಹೋಗಿ ಪುಸ್ತಕ ಕೇಳೋದು ಹೇಗೆ ಅಂತ ಸಂಕೋಚಪಟ್ಟುಕೊಂಡು ಎರಡು ತಿಂಗಳು ಸುಮ್ಮನಿದ್ದೆ. ಆಮೇಲೆ ಹೋದರೆ ಮಳಿಗೆ ಖಾಲಿ. ಎಲ್ಲವನ್ನೂ ತೂಕಕ್ಕೆ ಕೊಟ್ಟಾಗಿತ್ತು. ಮೆಟ್ಟಿಲ ಕೆಳಗೆ ಒಂದೇ ಒಂದು ಬಂಡಲ್ ಉಳಿದಿತ್ತು. ಕಂದು ಕಾಗದ ಸುತ್ತಿ ಸೆಣಬಿನ ದಾರ ಕಟ್ಟಿದ್ದರು, ಮೇಲೆ ಗುರುತಿಗೆ ಅಂತ ನನ್ನ ಕಾದಂಬರಿಯ ಮುಖಪುಟವೊಂದನ್ನು ಅಂಟಿಸಿದ್ದರು. ಅದರ ಮೂಲೆಯನ್ನು ಇಲಿ ತಿಂದಿತ್ತು. ಮನೆಗೆ ತಂದು ಬಿಚ್ಚಿದೆ. ಗೋಡೆ ಕಡೆ ಇದ್ದ ಪ್ರತಿಗಳ ಬೆನ್ನು ತೇವ ಕುಡಿದು ಉಬ್ಬಿತ್ತು, ತೆಗೆದರೆ ಹಾಳೆಗಳು ಕೈಗೇ ಬರುತ್ತಿದ್ದವು. ನಡುವಿನ ಹದಿನಾಲ್ಕು ಪ್ರತಿ ಮಾತ್ರ ನಿನ್ನೆ ಪ್ರೆಸ್ಸಿನಿಂದ ಬಂದ ಹಾಗೆ ಗರಿಗರಿಯಾಗಿದ್ದವು. ಆ ಹದಿನಾಲ್ಕರಲ್ಲಿ ಒಂದನ್ನು ಇಟ್ಟುಕೊಂಡೇ ಆಮೇಲೆ ಎರಡನೇ ಮುದ್ರಣ ಮಾಡಿಸಿದ್ದು. ಹಾಗಾಗಿ ನೀವು ಕಾಯಬೇಡಿ. ಮನೆಗೆ ತಂದ ಮೇಲೆ ನೆಲದ ಮೇಲೆ ಇಡಬೇಡಿ, ಹಲಗೆ ಹಾಕಿ ಗೋಡೆಯಿಂದ ಒಂದು ಗೇಣು ದೂರ ಇಡಿ. ಮಳೆಗಾಲ ಮುಗಿದ ಮೇಲೆ ಒಂದು ಸಲ ಬಿಚ್ಚಿ ನೋಡಿ.

ಅದೇ ದಿನ ಪ್ರಕಾಶಕರ ಮಗನ ಹತ್ತಿರ ಎರಡು ವಸ್ತು ಕೇಳಿ. ಮೊದಲನೆಯದು ಒಂದು ಪುಟದ ಪತ್ರ. ಒಂಬತ್ತೂ ಕಾದಂಬರಿಗಳ ಹೆಸರು ಬರೆದು, ಇವುಗಳ ಎಲ್ಲ ಹಕ್ಕು ಲೇಖಕಿಯದು, ನಾವು ಇನ್ನು ಮುದ್ರಿಸುವುದಿಲ್ಲ, ನಮ್ಮಲ್ಲಿ ಪ್ರತಿ ಉಳಿದಿಲ್ಲ ಅಂತ ಸಹಿ ಹಾಕಿಸಿಕೊಳ್ಳಿ. ಲೆಟರ್‌ಹೆಡ್ ಇದ್ದರೆ ಅದರ ಮೇಲೆ, ಪ್ರಕಾಶನದ ಸೀಲ್ ಇದ್ದರೆ ಅದೂ ಇರಲಿ. ಇದು ಜಗಳದ ಕಾಗದ ಅಲ್ಲ, ನಾಳೆ ಇನ್ನೊಬ್ಬ ಪ್ರಕಾಶಕರು ಮರುಮುದ್ರಣಕ್ಕೆ ಕೇಳಿದಾಗ ತೋರಿಸಲು ಬೇಕು.

ಕಾನೂನು ನಿಮ್ಮ ಕಡೆಗೇ ಇದೆ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಬರೆದವರೇ ಕೃತಿಯ ಮೊದಲ ಒಡೆಯರು. ಹಕ್ಕನ್ನು ಬೇರೆಯವರಿಗೆ ವರ್ಗ ಮಾಡುವುದಾದರೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಆಗಬೇಕು. ಬಾಯಿಮಾತಲ್ಲಿ ಕೊಟ್ಟರೆ ನಿಲ್ಲುವುದಿಲ್ಲ. ಕರಾರಿನಲ್ಲಿ ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ. ಮೊದಲ ಒಡೆತನದ ಮಾತು 17ನೇ ಸೆಕ್ಷನ್‌ನಲ್ಲಿದೆ, ವರ್ಗ ಮಾಡುವ ನಿಯಮಗಳು 19ನೇ ಸೆಕ್ಷನ್‌ನಲ್ಲಿವೆ. ನಮ್ಮಲ್ಲಿ ಬಹಳ ಜನ ಕರಾರೇ ಮಾಡಿಕೊಂಡಿರುವುದಿಲ್ಲ, ಫೋನಲ್ಲಿ "ಆಯ್ತು ಕೊಡ್ತೀನಿ ಸಾರ್" ಅಂದಿರುತ್ತೇವೆ ಅಷ್ಟೇ. ನಿಮ್ಮದೂ ಹಾಗೇ ಇದ್ದರೆ ಹಕ್ಕು ನಿಮ್ಮನ್ನು ಬಿಟ್ಟು ಎಲ್ಲೂ ಹೋಗಿಲ್ಲ. ಪುಸ್ತಕದ ಎರಡನೇ ಪುಟ ತೆಗೆದು ನೋಡಿ, ಕಾಗದ, ಬೆಲೆ, ಪ್ರತಿಗಳು ಅಂತೆಲ್ಲ ಇರುವ ಕಡೆ "ಹಕ್ಕುಗಳು: ಲೇಖಕರದು" ಅಂತ ಇರಬಹುದು. ಒಂಬತ್ತರಲ್ಲೂ ಆ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ.

ಎರಡನೆಯದು ಡಿಟಿಪಿ ಫೈಲುಗಳು, ಅಂದರೆ ಅಚ್ಚಿಗೆ ಅಂತ ಕಂಪ್ಯೂಟರ್‌ನಲ್ಲಿ ಪುಟ ಜೋಡಿಸಿದ ಫೈಲುಗಳು. 2004ರ ಪುಸ್ತಕ ಪೇಜ್‌ಮೇಕರ್‌ನಲ್ಲಿ, ಹಳೇ ಫಾಂಟಿನಲ್ಲಿ ಇರುತ್ತದೆ. ಅದನ್ನು ಯೂನಿಕೋಡ್‌ಗೆ ತಿರುಗಿಸಿದಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ, ಒತ್ತಕ್ಷರ ಕಳಚುತ್ತದೆ. ಆದರೂ ಇನ್ನೂರು ಪುಟ ಹೊಸದಾಗಿ ಟೈಪ್ ಮಾಡಿಸುವುದಕ್ಕಿಂತ ಅದನ್ನು ತಿದ್ದುವುದು ಸುಲಭ. ಮಗನಿಗೆ ಆ ಫೈಲುಗಳು ಎಲ್ಲಿವೆ ಅಂತ ಗೊತ್ತಿರಲಿಕ್ಕಿಲ್ಲ. ಡಿಟಿಪಿ ಮಾಡುತ್ತಿದ್ದವರ ನಂಬರ್ ಕೇಳಿ. ಸಾಮಾನ್ಯವಾಗಿ ಅವರ ಹತ್ತಿರ ಇದ್ದೇ ಇರುತ್ತವೆ.

ಮತ್ತೆ, ಆ ಹಿರಿಯರನ್ನು ಒಮ್ಮೆ ನೋಡಿಕೊಂಡು ಬನ್ನಿ. ಲೆಕ್ಕ, ರಾಯಲ್ಟಿ ಏನಿದ್ದರೂ ಮಗನ ಹತ್ತಿರ ಮಾತಾಡಿ, ಅವರ ಹತ್ತಿರ ಬೇಡ. ಎರಡು ಹಣ್ಣು ತೆಗೆದುಕೊಂಡು ಹೋಗಿ, ಪಕ್ಕದಲ್ಲಿ ಅರ್ಧ ಗಂಟೆ ಕೂತು ಬನ್ನಿ. ಇಪ್ಪತ್ತು ವರ್ಷ ನಿಮ್ಮ ಹಸ್ತಪ್ರತಿಯ ಮೊದಲ ಓದುಗರು ಅವರು. ನನಗೆ ಆ ಅವಕಾಶ ಸಿಗಲಿಲ್ಲ, ಅದು ಇವತ್ತಿಗೂ ನೋವಾಗಿ ಉಳಿದಿದೆ.

ಈಗ 65,000ದ ಮಾತು. ಕೊಡಬೇಡಿ ಅನ್ನುವುದೇ ನನ್ನ ಸಲಹೆ. ಲೇಖಕರು ಹಣ ಹಾಕುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ಹಣ ನಿಮ್ಮದು, 200 ಪ್ರತಿ ಕೊಳ್ಳುವವರೂ ನೀವೇ ಅಂದಮೇಲೆ ಆ ಪ್ರಕಾಶಕರಿಗೆ ಪುಸ್ತಕ ಮಾರಲೇಬೇಕಾದ ಗರಜು ಏನಿದೆ? ಬಿಡುಗಡೆಯ ದಿನವೇ ಅವರ ಕೆಲಸ ಮುಗಿದಿರುತ್ತದೆ. ಅದೇ ಹಣ ಹಾಕಿ ನೀವೇ ಪ್ರಕಟಿಸಿದರೆ ಪುಸ್ತಕವಾದರೂ ನಿಮ್ಮ ಕೈಯಲ್ಲಿರುತ್ತದೆ. ನೂರಿನ್ನೂರು ಪ್ರತಿಗೆ ಡಿಜಿಟಲ್ ಪ್ರಿಂಟ್ ಸಾಕು, ಐನೂರು ದಾಟಿದರೆ ಆಫ್‌ಸೆಟ್ ಅಗ್ಗ ಬೀಳುತ್ತದೆ. ಪುಸ್ತಕದ ಗುರುತಿನ ನಂಬರ್ ಆದ ಐಎಸ್‌ಬಿಎನ್‌ಗೆ ಯಾರಿಗೂ ದುಡ್ಡು ಕೊಡಬೇಡಿ. ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯಲ್ಲಿರುವ ರಾಜಾ ರಾಮಮೋಹನ ರಾಯ್ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ, ಲೇಖಕರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಹಳೇ ಪುಸ್ತಕ ಮರುಮುದ್ರಣ ಮಾಡಿದರೂ ನಿಮ್ಮ ಹೆಸರಲ್ಲಿ ಹೊಸ ನಂಬರ್ ತೆಗೆದುಕೊಳ್ಳಿ. ಹಳೇದು ಆ ಪ್ರಕಾಶನಕ್ಕೆ ಕೊಟ್ಟ ನಂಬರ್.

ಅಂಗಡಿಗೆ ಕೊಡುವಾಗ ನೂರಕ್ಕೆ ಮೂವತ್ತು ನಲವತ್ತು ಕಮಿಷನ್ ಬಿಡಬೇಕಾಗುತ್ತದೆ, ಹಣ ನಿಧಾನಕ್ಕೆ ಬರುತ್ತದೆ. ಗಾಂಧಿಬಜಾರ್ ನಿಮ್ಮ ಮನೆಗೆ ಹತ್ತಿರವೇ ಅಲ್ವಾ, ಮೊದಲು ಅಲ್ಲಿನ ಪುಸ್ತಕದ ಅಂಗಡಿಗೆ ಹತ್ತು ಪ್ರತಿ ಕೊಟ್ಟು ನೋಡಿ. ಆ 600 ಪ್ರತಿಗಳಿಂದಲೇ ಶುರು ಮಾಡಬಹುದು. ದೂರದ ಓದುಗರಿಗೆ ನೀವೇ ಅಂಚೆಯಲ್ಲಿ ಕಳಿಸಿ.

ಒಂದು ಲೆಕ್ಕ ಹೇಳುತ್ತೇನೆ, ಅರ್ಥಶಾಸ್ತ್ರ ಪಾಠ ಮಾಡುವವರಿಗೆ ಬೇಜಾರಾಗುವುದಿಲ್ಲ ಅಂದುಕೊಳ್ಳುತ್ತೇನೆ. 250 ರೂಪಾಯಿಯ ಕಾದಂಬರಿ 700 ಪ್ರತಿ ಹೋಯಿತು, ರಾಯಲ್ಟಿ ನೂರಕ್ಕೆ ಹತ್ತು ಅಂತಿಟ್ಟುಕೊಳ್ಳಿ. 17,500 ರೂಪಾಯಿ. ಎರಡು ವರ್ಷದ ಬೆಳಗಿನ ಜಾವಗಳಿಗೆ ಬಂದದ್ದು ಅಷ್ಟು, ಅದೂ ಸರಿಯಾಗಿ ಕೊಟ್ಟರೆ. ಅಂದರೆ ನಿಮ್ಮ ಸಂಸಾರ ನಡೆದದ್ದು ಕಾಲೇಜಿನ ಸಂಬಳದಿಂದ. ಅದು ಈಗಲೂ ಇದೆ. ಹಾಗಾಗಿ ಹಣದ ಭಯದಿಂದ ಈಗ ಯಾವ ತೀರ್ಮಾನವನ್ನೂ ಮಾಡಬೇಡಿ.

ಧಾರಾವಾಹಿ ಬರವಣಿಗೆ ಕೀಳು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಒಳ್ಳೆ ಸಂಭಾಷಣೆ ಬರೆಯುವುದು ಕಷ್ಟದ ಕಸುಬು. ಆದರೆ ದಿನದ ಧಾರಾವಾಹಿ ಅಂದರೆ ಇವತ್ತು ಬರೆದದ್ದು ನಾಳೆ ಶೂಟಿಂಗ್, ಗುರುವಾರ ಟಿಆರ್‌ಪಿ ಬಂದ ಮೇಲೆ ಕಥೆ ತಿರುಗಬಹುದು, ರಾತ್ರಿ ಹನ್ನೊಂದಕ್ಕೆ ಫೋನ್ ಬರಬಹುದು. ಕಾಲೇಜು ಇಟ್ಟುಕೊಂಡು ಅದನ್ನೂ ಮಾಡಿದರೆ ಕಾದಂಬರಿಗೆ ಒಂದು ಗಂಟೆಯೂ ಉಳಿಯುವುದಿಲ್ಲ. ಈ ವರ್ಷ ಬೇಡ ಅನ್ನಿ. ಗೆಳತಿಗೆ ಬೇಜಾರಾಗದ ಹಾಗೆ ಹೇಳಿ, ಬಾಗಿಲು ಮುಚ್ಚಬೇಡಿ.

ಆಪ್‌ನಲ್ಲಿ ಹಾಕು ಅಂತ ನಿಮ್ಮ ಮಗ ಹೇಳಿದ್ದರಲ್ಲಿ ಅರ್ಥವಿದೆ. ಪ್ರತಿಲಿಪಿ ಥರದ ಆಪ್‌ಗಳಲ್ಲಿ ಕಂತು ಕಂತಾಗಿ ಓದುವವರು ಬಹಳ ಜನ ಇದ್ದಾರೆ. ವಾರಪತ್ರಿಕೆಯ ಧಾರಾವಾಹಿ ಓದಿಕೊಂಡು ಬೆಳೆದ ನಮಗೆ ಅದೇನು ಹೊಸದಲ್ಲ. ಯಾರೂ ಈಗ ಕೇಳದ ನಿಮ್ಮ ಮೊದಲ ಕಾದಂಬರಿಯೊಂದನ್ನು ಹಾಕಿ ನೋಡಿ. ಷರತ್ತುಗಳನ್ನು ಪೂರ್ತಿ ಓದಿ, ಹಕ್ಕು ಅವರಿಗೆ ಬರೆದುಕೊಡುವ ಹಾಗಿದ್ದರೆ ಬೇಡ. ಹತ್ತನೆಯದನ್ನು ಮಾತ್ರ ಈಗಲೇ ಹಾಕಬೇಡಿ.

ಇನ್ನು ನಿಮ್ಮ ಕೊನೇ ಸಾಲು. "ಅವರು ಕೇಳುತ್ತಿದ್ದರು ಅಂತ ಬರೆಯುತ್ತಿದ್ದೆನಾ?"

ಹೌದು, ಸ್ವಲ್ಪ ಮಟ್ಟಿಗೆ ಹೌದು. ಅದರಲ್ಲಿ ತಪ್ಪೇನಿದೆ? ಪತ್ರಿಕೆಗಳಲ್ಲಿ ಧಾರಾವಾಹಿ ಬರೆದ ನಮ್ಮ ಎಷ್ಟೋ ಲೇಖಕಿಯರು ಸಂಪಾದಕರು ಮುಂದಿನ ಕಂತು ಕೇಳುತ್ತಾರೆ ಅಂತಲೇ ಅಡುಗೆಮನೆ ಕೆಲಸ ಮುಗಿಸಿ ರಾತ್ರಿ ಕೂತು ಬರೆದರು. ಕೇಳುವವರು ಒಬ್ಬರು ಇದ್ದರೆ ಮನೆಯಲ್ಲಿ "ನನಗೆ ಕೆಲಸ ಇದೆ" ಅನ್ನಬಹುದು. ಹೆಂಗಸರಿಗೆ ಆ ಒಂದು ವಾಕ್ಯ ಬಹಳ ದೊಡ್ಡದು. ಈಗ ನಿಮಗೆ ತಪ್ಪಿಹೋಗಿರುವುದು ಆ ವಾಕ್ಯ. ಅಚ್ಚು ಹಾಕುವವರು ಎಲ್ಲಾದರೂ ಸಿಗುತ್ತಾರೆ. ಬಾ ಬರಿ ಅಂತ ವರ್ಷ ವರ್ಷ ಕರೆಯುವವರು ಸಿಗುವುದು ಕಷ್ಟ.

ಆದರೆ ಕೇಳುವವರು ಅಳತೆಯನ್ನೂ ಕೊಡುತ್ತಾರೆ. "ಇನ್ನೂರು ಪುಟ ಇರಲಿ" ಅನ್ನುವ ಮಾತು ಎಲ್ಲಿಂದ ಬಂತು ಗೊತ್ತಾ? ಗ್ರಂಥಾಲಯ ಇಲಾಖೆ ಸಗಟು ಖರೀದಿ ಮಾಡುವಾಗ ಪುಟಕ್ಕೆ ಇಷ್ಟು ಅಂತ ದರ ಕೊಡುತ್ತದೆ. ಸಣ್ಣ ಪ್ರಕಾಶಕರು ಎಷ್ಟೋ ವರ್ಷ ಆ ಖರೀದಿಯನ್ನೇ ನಂಬಿ ಬದುಕಿದರು. ಖರೀದಿ ತಡವಾದಾಗ, ಬಿಲ್ಲು ಬಾಕಿ ಬಿದ್ದಾಗ ಅವರ ಕೈ ಕಟ್ಟಿಹೋಯಿತು. ನಿಮ್ಮ ಪ್ರಕಾಶಕರನ್ನು ನಾನು ದೂರುತ್ತಿಲ್ಲ, ಅವರು ಲೆಕ್ಕ ಕೂಡಿಸಿಕೊಂಡೇ ನಿಮ್ಮ ಒಂಬತ್ತು ಪುಸ್ತಕ ತಂದರು. ಆದರೆ ಆ ಲೆಕ್ಕ ನಿಮ್ಮ ಕಥೆಯ ಒಳಗೂ ಬಂದಿರಬಹುದು. ಹತ್ತನೆಯದು ಇನ್ನೂರಕ್ಕೆ ಏರುತ್ತಿಲ್ಲ ಅಂತ ಬರೆದಿದ್ದೀರಿ. ಏರಲೇಬೇಕು ಅಂತ ಈಗ ಯಾರು ಹೇಳಿದ್ದಾರೆ? ಒಂದು ಭಾನುವಾರ ಆ 80 ಪುಟವನ್ನು ಪ್ರಿಂಟ್ ತೆಗೆಸಿ. ಪೆನ್ಸಿಲ್ ಇಲ್ಲದೆ, ಒಂದೇ ಕೂತಲ್ಲಿ, ಬೇರೆಯವರ ಪುಸ್ತಕ ಓದುವ ಹಾಗೆ ಓದಿ. ಅದು ನಿಂತುಹೋಗಿಲ್ಲ, ಮುಗಿಯುವುದಕ್ಕೆ ಇಪ್ಪತ್ತೇ ಪುಟ ಬಾಕಿ ಇದೆ ಅಂತ ಅನಿಸಿದರೂ ಅನಿಸಬಹುದು.

ನಂಜನಗೂಡು ತಿರುಮಲಾಂಬಾ ಅವರನ್ನು ನೆನೆಸಿಕೊಳ್ಳಿ. ಬಾಲವಿಧವೆ. ಅವರನ್ನು ಬರಿ ಅಂತ ಯಾವ ಪ್ರಕಾಶಕರೂ ಕೇಳಿರಲಿಲ್ಲ. 1913ರಲ್ಲಿ ನಂಜನಗೂಡಿನಲ್ಲಿ ಕೂತು 'ಸತಿ ಹಿತೈಷಿಣಿ' ಅಂತ ತಮ್ಮದೇ ಗ್ರಂಥಮಾಲೆ ಶುರು ಮಾಡಿದರು, ಕಾದಂಬರಿ ಬರೆದು ತಾವೇ ಪ್ರಕಟಿಸಿದರು, 1917ರಲ್ಲಿ 'ಕರ್ನಾಟಕ ನಂದಿನಿ' ಪತ್ರಿಕೆಯನ್ನೂ ತಂದರು. ಫೋನಿಲ್ಲ, ಆನ್‌ಲೈನ್ ಅರ್ಜಿ ಇಲ್ಲ, ಹೊರಗೆ ಹೋಗಿ ಮಾರುವ ಸ್ವಾತಂತ್ರ್ಯವೂ ಇಲ್ಲದ ಕಾಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದರು, ಅದು ಗಂಡಸರಿಗೆ ಸಾಧ್ಯವಿತ್ತು. ತಿರುಮಲಾಂಬಾ ಮನೆಯೊಳಗೆ ಇದ್ದುಕೊಂಡೇ ಪ್ರಕಾಶಕಿಯಾದರು. ನಾನು ಸ್ವಂತ ಪ್ರಕಟಣೆಗೆ ಹೆದರಿದಾಗೆಲ್ಲ ನೆನಪಾಗುವುದು ಅವರೇ.

ವಯಸ್ಸಿನ ಬಗ್ಗೆ ನೀವು ಬಾಯಿಬಿಟ್ಟು ಕೇಳಿಲ್ಲ, ಆದರೆ 53 ಅಂತ ಮೊದಲೇ ಬರೆದಿದ್ದೀರಿ. ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ. ಮೊದಲ ಕಾದಂಬರಿ ಬಂದದ್ದು 1963ರಲ್ಲಿ. ಇವತ್ತಿಗೂ ಎಲ್ಲರೂ ಅವರನ್ನು ನೆನೆಯುವ 'ಫಣಿಯಮ್ಮ' ಬಂದದ್ದು 1976ರಲ್ಲಿ. ಅವರಿಗೆ ಆಗ 59. ನಿಮಗೆ ಇನ್ನೂ ಆರು ವರ್ಷ ಇದೆ.

ಕೇಳುವವರನ್ನು ಈಗ ನೀವೇ ಮಾಡಿಕೊಳ್ಳಬೇಕು. ನಿಮ್ಮ ಪುಸ್ತಕ ಓದಿ ಯಾವತ್ತೋ ಪತ್ರ ಬರೆದ, ಫೋನ್ ಮಾಡಿದ ಮೂವರನ್ನು ಹುಡುಕಿ. ನೆಂಟರು ಬೇಡ, ಹೊಗಳುವವರು ಬೇಡ. ಇಂಥ ದಿನ ಕರಡು ಕೊಡುತ್ತೇನೆ, ಓದಿ ಹೇಳಿ ಅಂತ ತಾರೀಖು ಕೊಡಿ. ಚಾಮರಾಜಪೇಟೆಯ ಕರ್ನಾಟಕ ಲೇಖಕಿಯರ ಸಂಘಕ್ಕೂ ಒಮ್ಮೆ ಹೋಗಿ ಬನ್ನಿ. 1979ರಿಂದ ನಡೆದುಕೊಂಡು ಬಂದಿದೆ, ಈ ಕಷ್ಟವನ್ನು ಮೊದಲೇ ದಾಟಿದವರು ಅಲ್ಲಿ ಸಿಗುತ್ತಾರೆ. ಇನ್ನೊಂದು ಚಿಕ್ಕ ಕೆಲಸ: ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯದಲ್ಲಿ ನಿಮ್ಮ ಒಂಬತ್ತೂ ಇವೆಯಾ ಅಂತ ಕೇಳಿ ನೋಡಿ. ಯಾವುದಾದರೂ ಇಲ್ಲದಿದ್ದರೆ ಆ 600ರಲ್ಲಿ ಒಂದನ್ನು ಕೊಟ್ಟು ಬನ್ನಿ.

ಮನೆಯವರ ಮಾತಿಗೆ ಸಿಟ್ಟಾಗಬೇಡಿ. ನೀವು ಮೂರು ತಿಂಗಳಿಂದ ಮಂಕಾಗಿರುವುದನ್ನು ನೋಡಿ ಹಾಗೆ ಅಂದಿರಬಹುದು. ಶನಿವಾರ ಗೋಡೌನಿಗೆ ಅವರನ್ನೂ ಕರೆದುಕೊಂಡು ಹೋಗಿ. ನಿಮ್ಮ ಹೆಸರಿನ ಬಂಡಲ್‌ಗಳನ್ನು ಅವರೂ ಒಮ್ಮೆ ಎತ್ತಿ ನೋಡಲಿ.

ಪ್ರಶ್ನೆ: ನಮ್ಮ ಅಮ್ಮ ಹಿಂದೆ ಕಾದಂಬರಿ ಬರೆಯುತ್ತಿದ್ದರು. 1998ರಲ್ಲಿ 8,000 ರೂಪಾಯಿ ತೆಗೆದುಕೊಂಡು ಒಂದು ಕಾದಂಬರಿಯ "ಪ್ರಕಟಣೆಯ ಹಕ್ಕು" ಕೊಟ್ಟಿರುತ್ತೇನೆ ಅಂತ ಕಾಗದಕ್ಕೆ ಸಹಿ ಮಾಡಿದ್ದಾರೆ. ವರ್ಷದ ಲೆಕ್ಕ ಬರೆದಿಲ್ಲ. ಪ್ರಕಾಶಕರು ಈಗಿಲ್ಲ. ಅದನ್ನು ಸಿನಿಮಾ ಮಾಡುತ್ತೇವೆ ಅಂತ ಒಬ್ಬರು ಬಂದಿದ್ದಾರೆ. ಪ್ರಕಾಶಕರ ಮಕ್ಕಳು ಎಲ್ಲ ಹಕ್ಕೂ ನಮ್ಮದು ಅನ್ನುತ್ತಿದ್ದಾರೆ. ಅಮ್ಮನಿಗೆ 74, ಜಗಳ ಬೇಡ ಅನ್ನುತ್ತಾರೆ.

ಓದುಗಿ, ಮಲ್ಲೇಶ್ವರ

ಉತ್ತರ: ಜಗಳ ಬೇಡ, ಆದರೆ ಬಿಟ್ಟುಕೊಡುವುದೂ ಬೇಡ. ಮೇಲೆ ಹೇಳಿದ ಐದು ವರ್ಷದ ನಿಯಮ 1995ರ ಮೇ ತಿಂಗಳಿಂದ ಜಾರಿಯಲ್ಲಿದೆ, ಅದಕ್ಕಿಂತ ಹಿಂದಿನ ಕರಾರಿಗೆ ಅನ್ವಯಿಸುವುದಿಲ್ಲ. ಅಮ್ಮನದು 1998ರದ್ದು, ಅಂದರೆ ಒಳಗೆ ಬರುತ್ತದೆ. ಅವಧಿ ಬರೆದಿಲ್ಲದ ಕಾರಣ ಅದು 2003ಕ್ಕೇ ಮುಗಿದ ಲೆಕ್ಕ. ಇನ್ನೊಂದು, ಪ್ರಕಟಣೆಯ ಹಕ್ಕು ಬೇರೆ, ಸಿನಿಮಾ ಹಕ್ಕು ಬೇರೆ. ಯಾವ ಹಕ್ಕು ಕೊಟ್ಟಿದ್ದೇವೆ ಅಂತ ಕಾಗದದಲ್ಲಿ ಇರಬೇಕು. ಅಲ್ಲಿ ಸಿನಿಮಾ ಮಾತೇ ಇಲ್ಲ.

ಕಾಪಿರೈಟ್ ಕೇಸು ನೋಡುವ ವಕೀಲರಿಗೆ ಆ ಕಾಗದದ ಪ್ರತಿ ಅಕ್ಷರವನ್ನೂ ಓದಿಸಿ. ಅವರ ಮೂಲಕ ಪ್ರಕಾಶಕರ ಮಕ್ಕಳಿಗೆ ಒಂದು ಶಾಂತವಾದ ಪತ್ರ ಹೋಗಲಿ. ಬಹಳ ಸಲ ಅವರಿಗೂ ಗೊತ್ತಿರುವುದಿಲ್ಲ, ಅಪ್ಪ ಕೊಂಡದ್ದೆಲ್ಲ ನಮ್ಮದು ಅಂದುಕೊಂಡಿರುತ್ತಾರೆ. ಮೂಲ ಕಾಗದವನ್ನು ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಕೊಡಿ ಸಾಕು. ಸಿನಿಮಾದವರು ಮಾತಾಡಲು ಬಂದಾಗ ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.